ಸೇವೆಯ ಬೆಲೆ ತೆರುವವರು ಯಾರು?

ಆಗಮನ ಕಾಲದ ಒಂದು ಭಾನುವಾರ. ಮೊದಲ ಪೂಜೆ ಮುಗಿಸಿ ಹೊರಬರುತ್ತಿದ್ದಾಗ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಒಬ್ಬನೇ ಮಗ ಪ್ಲಸ್ ಟು ಮುಗಿಸಿ ಸೆಮಿನರಿ ಸೇರುತ್ತೇನೆಂದು ಹಟ ಹಿಡಿದಿದ್ದ. "ದೇವರು ಕರೆದರೆ ಬೇಡ ಅನ್ನಲು ನಾವ್ಯಾರು ಫಾದರ್? ಆದರೆ ಮನೆಯಲ್ಲಿ ಇನ್ನು ಯಾರೂ ಇಲ್ಲವಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ದೇವರು ನೋಡಿಕೊಳ್ಳುತ್ತಾರಮ್ಮ, ಹೆದರಬೇಡಿ" ಎಂದು ಹೇಳಿ ನಾವು ಮುಂದೆ ನಡೆದೆವು. ಎರಡನೇ ಪೂಜೆಗೆ ಹೊತ್ತಾಗಿತ್ತು.

ನಾವು ಹೇಳಿದ್ದು ಸುಳ್ಳಲ್ಲ. ಆದರೂ ಆ ರಾತ್ರಿ ನಮ್ಮ ಮಾತು ನಮ್ಮನ್ನೇ ಚುಚ್ಚಿತು. ನಾವು ಸೆಮಿನರಿಗೆ ಹೊರಟ ದಿನ ಕಣ್ಣ ಮುಂದೆ ಬಂತು. ಅಮ್ಮ ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆ, ಜಪಮಾಲೆ, ಒಂದು ಬಾಟಲಿ ಮಾವಿನ ಉಪ್ಪಿನಕಾಯಿ ಜೋಡಿಸಿಟ್ಟಿದ್ದರು. ಅಪ್ಪ ಅಡಿಕೆ ತೋಟಕ್ಕೆ ನೀರು ಬಿಡಲಿದೆ ಎಂದು ನೆಪ ಹೇಳಿ ಬಸ್ಸಿನವರೆಗೂ ಬರಲಿಲ್ಲ. ಗುರುದೀಕ್ಷೆಯ ದಿನ ಎಲ್ಲರೂ ನಮ್ಮ ತ್ಯಾಗವನ್ನು ಹೊಗಳಿದರು. ಅಪ್ಪನ ತ್ಯಾಗದ ಬಗ್ಗೆ ಯಾರೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಮುಂದೆ ಅವರು ತೀರಿಕೊಂಡದ್ದು ಪವಿತ್ರ ವಾರದಲ್ಲಿ. ಆ ಹೊತ್ತಿಗೆ ನಾವು ದೂರದ ಚರ್ಚೊಂದರಲ್ಲಿ ಪಾಪನಿವೇದನೆ ಕೇಳುತ್ತಿದ್ದೆವು. ಮನೆ ಮುಟ್ಟಿದಾಗ ಅಪ್ಪನ ಕೈ ತಣ್ಣಗಾಗಿತ್ತು.

ಜನವರಿ 16ರಂದು ನಾವು ಸಂತ ಜೋಸೆಫ್ ವಾಜ್ ಅವರ ಹಬ್ಬ ಆಚರಿಸುತ್ತೇವೆ. ಗಡಿಯಾಚೆ ಇರುವ ಮುಡಿಪಿನ ಅವರ ಪುಣ್ಯಕ್ಷೇತ್ರ ನಮ್ಮಲ್ಲಿ ಅನೇಕರಿಗೆ ಪರಿಚಿತ. 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದ ಅವರು 1681ರಿಂದ 1684ರವರೆಗೆ ನಮ್ಮ ಕೆನರಾ ಕರಾವಳಿಯಲ್ಲಿ ದುಡಿದರು. 1687ರಲ್ಲಿ ಶ್ರೀಲಂಕಾ ತಲುಪಿದರು. ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು, ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಬಡವನ ವೇಷ ಹಾಕಿ, ಕಾಯಿಲೆಯಿಂದ ಬಳಲುತ್ತಾ ಯಾಫ್ನದಲ್ಲಿ ಅಲೆದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದ ಮೇಲೆ ಸೆರೆಯಾದರು. 1697ರಲ್ಲಿ ಸಿಡುಬು ಹಬ್ಬಿದಾಗ ಜನರು ಕೈಬಿಟ್ಟ ರೋಗಿಗಳ ಆರೈಕೆ ಮಾಡಿದರು. 1711ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಇಪ್ಪತ್ತಮೂರು ವರ್ಷಗಳಲ್ಲಿ ಒಮ್ಮೆಯೂ ಗೋವಾಕ್ಕೆ ಮರಳಲಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಆ ಇಪ್ಪತ್ತಮೂರು ವರ್ಷ ಗೋವಾದ ಅವರ ಮನೆಯವರಿಗೆ ಹೇಗೆ ಕಳೆದಿರಬಹುದೆಂದು ನಾವು ಎಂದೂ ಯೋಚಿಸಿರಲಿಲ್ಲ.

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಬೋಧಿಸಿದರು. ನಾವು ಹಾಕುವ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದು ಬಾಬ್ತು ಬಿಟ್ಟುಹೋಗುತ್ತದೆ. ಸೇವೆಗೆ ಹೊರಟವನು ಒಬ್ಬ. ಬೆಲೆ ತೆರುವವರು ಮನೆಮಂದಿಯೆಲ್ಲ. ಇದು ಗುರುಗಳ, ಕನ್ಯಾಸ್ತ್ರೀಯರ ಮಾತು ಮಾತ್ರವಲ್ಲ. ಭಾನುವಾರದ ಬಿಡುವನ್ನೆಲ್ಲ ಧರ್ಮೋಪದೇಶಕ್ಕೆ ಕೊಡುವ ಶಿಕ್ಷಕಿಯ ಮನೆಯಲ್ಲೂ ಯಾರೋ ಅಡುಗೆಗೆ ನಿಂತಿರುತ್ತಾರೆ.

ಹಾಗಾದರೆ "ದೇವರು ನೋಡಿಕೊಳ್ಳುತ್ತಾರೆ" ಎಂಬ ಮಾತಿಗೆ ಅರ್ಥವೇನು? ಶಿಲುಬೆಯ ಮೇಲೆ ಪ್ರಾಣ ಹೋಗುತ್ತಿರುವಾಗಲೂ ಯೇಸು ತಮ್ಮ ತಾಯಿಯನ್ನು ಮರೆಯಲಿಲ್ಲ. ಆಕೆಯನ್ನು ಪ್ರೀತಿಯ ಶಿಷ್ಯನಿಗೆ ಒಪ್ಪಿಸಿದರು. ಆತ ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದ. ದೇವರು ನೋಡಿಕೊಂಡದ್ದು ಹೀಗೆ, ಒಬ್ಬ ಮನುಷ್ಯನ ಮನೆಬಾಗಿಲು ತೆರೆದುಕೊಂಡದ್ದರಿಂದ.

ಮರುವಾರ ನಾವು ಆ ತಾಯಿಯ ಮನೆಗೆ ಹೋದೆವು. ಮಗನನ್ನು ಕಳುಹಿಸಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಮ್ಮ ಅಪ್ಪನ ಕಥೆ ಹೇಳಿದೆವು. "ಇದು ಕಷ್ಟವೇ ಅಮ್ಮ. ಮೊದಲೇ ಹೇಳಬೇಕಿತ್ತು" ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಚಹಾ ತಂದುಕೊಟ್ಟರು. ನಿರ್ಧಾರ ಇನ್ನೂ ಆಗಿಲ್ಲ.

ಪ್ರಿಯ ಕುಟುಂಬಗಳೇ, ನಿಮ್ಮ ವಾಳೆಯಲ್ಲಿ ಮಕ್ಕಳನ್ನು ದೇವರ ಸೇವೆಗೆ ಕೊಟ್ಟು ಒಂಟಿಯಾಗಿರುವ ತಂದೆತಾಯಿಗಳು ಇದ್ದಾರೆಯೇ? ಈ ವಾರ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಅವರು ತೆತ್ತ ಬೆಲೆಯಲ್ಲಿ ನಮ್ಮದೂ ಒಂದು ಪಾಲಿರಲಿ.