ಹೇಸರಗತ್ತೆಯ ಹಾದಿ

ಬೈಸಿಕಲ್ಲೆಂದರೆ ಮನೆಯಿಂದ ಕಚೇರಿಗೆ, ಕಚೇರಿಯಿಂದ ತರಕಾರಿ ಪೇಟೆಗೆ ಎಂದು ನಂಬಿರುವ ಗೃಹಸ್ಥರಿಗೆ, ಅದರ ಮೇಲೆ ನೂರೆಂಬತ್ತನಾಲ್ಕೂವರೆ ಮೈಲಿ ಹೋಗುವವರ ಸಂಗತಿ ಕೇಳಿ ನಗು ಬಂದೀತು. ಅಮೆರಿಕದ ಕಂಬರ್ಲೆಂಡ್ ಊರಿನಿಂದ ರಾಜಧಾನಿ ವಾಷಿಂಗ್ಟನ್ನಿನವರೆಗೆ, ಪೊಟೋಮ್ಯಾಕ್ ನದಿಯ ಮಗ್ಗುಲಲ್ಲಿ, ಅಷ್ಟುದ್ದದ ಮಣ್ಣುಹಾದಿಯೊಂದಿದೆ. ಡೇರೆಯನ್ನೂ ಬುತ್ತಿಯನ್ನೂ ಕಟ್ಟಿಕೊಂಡ ಸವಾರರು ನಾಲ್ಕಾರು ದಿನ ಅದರಲ್ಲಿ ಸಾಗುತ್ತಾರೆ.

ಈ ಹಾದಿಯನ್ನು ಮಾಡಿದ್ದು ಬೈಸಿಕಲ್ಲಿಗಾಗಿ ಅಲ್ಲ, ಹೇಸರಗತ್ತೆಗಳಿಗಾಗಿ. ಪಕ್ಕದ ಚೆಸಾಪೀಕ್–ಒಹಾಯೊ ಕಾಲುವೆಯ ಕಲ್ಲಿದ್ದಲ ದೋಣಿಗಳನ್ನು ಅವು ದಡದ ಮೇಲೆ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು. 1828ರ ಜುಲೈ 4ರಂದು ಕಾಲುವೆಯ ಮೊದಲ ಮಣ್ಣನ್ನು ತೆಗೆಯಹೊರಟ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸರ ಸಲಿಕೆ ಬೇರಿಗೆ ತಾಗಿತು. ಅವರು ಕೋಟು ಕಳಚಿ ಮತ್ತೆ ಅಗೆಯಬೇಕಾಯಿತು. ಅಪಶಕುನ ಬೇರೆಡೆ ಇತ್ತು. ಅದೇ ದಿನವೇ ಬಾಲ್ಟಿಮೋರಿನಲ್ಲಿ ರೈಲುದಾರಿಗೆ ಶಂಕುಸ್ಥಾಪನೆಯಾಯಿತು! ರೈಲು 1842ರಲ್ಲಿ ಕಂಬರ್ಲೆಂಡನ್ನು ಮುಟ್ಟಿತು, ಕಾಲುವೆ 1850ರಲ್ಲಿ. ಒಹಾಯೊ ನದಿ ಅದರ ಹೆಸರಿನಲ್ಲಿಯೇ ಉಳಿಯಿತು. 1924ರ ಪ್ರವಾಹದೊಡನೆ ದೋಣಿಗಳೂ ನಿಂತುಹೋದವು.

ಆ ಸೋಲಿನ ದಡದಲ್ಲಿ ಇಂದಿನ ಸವಾರನಿಗೆ ಸುಖವೇ ಸುಖ. ಕಂಬರ್ಲೆಂಡಿನಿಂದ ಹೊರಟವನು ಒಟ್ಟು 605 ಅಡಿ ಇಳಿಯುತ್ತಾನೆ. ಆದರೆ ಇಳಿಜಾರು ಕಾಣುವುದು ದೋಣಿಗಳನ್ನು ಏರಿಸಿ ಇಳಿಸುತ್ತಿದ್ದ 74 ಕಲ್ಲುತೊಟ್ಟಿಗಳ ಬಳಿ ಮಾತ್ರ. ಬಹಳ ಕಡೆ ಕಾಲುವೆ ಬತ್ತಿ, ಪಾತ್ರದೊಳಗೇ ಮರಗಳು ಬೆಳೆದಿವೆ. ತಂಗುದಾಣಗಳಲ್ಲಿ ಕೈಪಂಪಿನ ನೀರು. ಮಳೆ ಬಂದರೆ ಮಾತ್ರ ಕೆಸರು ಚಕ್ರವನ್ನು ಹಿಡಿದು, ಬೈಸಿಕಲ್ಲಿಗೂ ಹೇಸರಗತ್ತೆಯ ನಡೆಯನ್ನೇ ಕಲಿಸುತ್ತದೆ.

ಪಾಪಾ ಎಂಬಲ್ಲಿ 3,118 ಅಡಿ ಉದ್ದದ ಸುರಂಗ. ಒಳಗೆ ದೀಪಗಳಿಲ್ಲ, ಬೈಸಿಕಲ್ಲನ್ನು ತಳ್ಳಿಕೊಂಡೇ ನಡೆಯಬೇಕು. ಎರಡು ದೋಣಿಗಳು ಒಟ್ಟಿಗೆ ಹಾಯಲಾರದ ಅಲ್ಲಿ ಇಬ್ಬರು ದೋಣಿಯ ಯಜಮಾನರು ಎದುರುಬದುರಾಗಿ, ಹಿಂದೆ ಸರಿಯಲೊಲ್ಲದೆ ದಿನಗಟ್ಟಲೆ ಕುಳಿತರಂತೆ. ಕಡೆಗೆ ಜೋಳದ ದಂಟಿನ ಹೊಗೆ ಹಾಕಿ ಒಬ್ಬನನ್ನು ಹೊರಡಿಸಿದರೆಂದು ಕಥೆ.

ಈ ದಡದ ಮೇಲೆ ಮೋಟಾರು ರಸ್ತೆ ಮಾಡುವ ಯೋಜನೆಯೊಂದಿತ್ತು. 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಅದನ್ನು ಸಮರ್ಥಿಸಿತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಸಂಪಾದಕರಿಗೆ ಬರೆದರು: ನನ್ನೊಡನೆ ಒಮ್ಮೆ ನಡೆದು ನೋಡಿ, ಆಮೇಲೆ ಹೇಳಿ ಎಂದು. ಮಾರ್ಚಿಯಲ್ಲಿ ಹೊರಟವರು 58 ಮಂದಿ. ಎಂಟು ದಿನ ನಡೆದು ಕೊನೆ ಮುಟ್ಟಿದವರು ನ್ಯಾಯಮೂರ್ತಿಗಳೂ ಸೇರಿ ಒಂಬತ್ತೇ ಮಂದಿ. ಆದರೇನು? ಪತ್ರಿಕೆ ತನ್ನ ಅಭಿಪ್ರಾಯವನ್ನು ಬದಲಿಸಿತು, ರಸ್ತೆ ಬರಲಿಲ್ಲ, 1971ರಲ್ಲಿ ಕಾಲುವೆ ರಾಷ್ಟ್ರೀಯ ಉದ್ಯಾನವಾಯಿತು.

ನ್ಯಾಯಪೀಠದಲ್ಲಿ ಕುಳಿತು ಎಷ್ಟೋ ತೀರ್ಪು ಕೊಟ್ಟವರು ಈ ವಾದವನ್ನು ಮಾತ್ರ ಕಾಲ್ನಡಿಗೆಯಿಂದ ಗೆದ್ದರು. ರಸ್ತೆಯಾಗಿದ್ದರೆ ಈ ದಡವನ್ನು ಜನ ಅರ್ಧ ದಿನದಲ್ಲಿ ದಾಟಿಬಿಡುತ್ತಿದ್ದರು; ನದಿ ಮಗ್ಗುಲಲ್ಲಿದ್ದುದು ಅವರಲ್ಲಿ ಎಷ್ಟು ಮಂದಿಗೆ ತಿಳಿಯುತ್ತಿತ್ತೋ!