ಸೈಕಲ್ ಸ್ಟ್ಯಾಂಡಿನ ನಾಟಕ

ಮೊನ್ನೆ ರವೀಂದ್ರ ಕಲಾಕ್ಷೇತ್ರದ ಅಂಗಳದಲ್ಲಿ ಬೈಕು ನಿಲ್ಲಿಸುವ ಜಾಗಕ್ಕಾಗಿ ಇಬ್ಬರು ಜಗಳಕ್ಕೆ ನಿಂತಿದ್ದರು. ಒಳಗಿನ ನಾಟಕವೇನೋ ಚೆನ್ನಾಗಿತ್ತು. ನನ್ನ ತಲೆ ಮಾತ್ರ 1978ರ ಒಂದು ಸೈಕಲ್ ಸ್ಟ್ಯಾಂಡಿಗೆ ಹೋಗಿ ಕೂತುಬಿಟ್ಟಿತು.

ಆ ಸ್ಟ್ಯಾಂಡಿನ ಕತೆ ಕೇಳಿದ್ದು ನಾನು ರಂಗಶಾಲೆಯಲ್ಲಿದ್ದಾಗ. ಕಾರ್ನಾಡ, ಲಂಕೇಶ, ಶೇಕ್ಸ್‌ಪಿಯರ್ ಎಲ್ಲ ಆಡಿಸಿದ ಮೇಲೆ ಮೇಷ್ಟ್ರು ಒಂದು ದಿನ ಬರಿಗೈಯಲ್ಲಿ ಬಂದರು. "ಸ್ಕ್ರಿಪ್ಟ್ ಇಲ್ಲ. ನೀವೇ ಕಟ್ಟಿ" ಅಂದರು. ಸುತ್ತ ಕೂತು ಚರ್ಚೆ ಶುರು ಮಾಡಿದೆವು. ಮಾತಿಗೇನು ಬರ! ಜಾಗತೀಕರಣ, ಅಸ್ಮಿತೆ, ಪ್ರಭುತ್ವ ಎಲ್ಲ ಬಂದವು. ಎದ್ದು ಆಡಿ ಅಂದರೆ ಒಬ್ಬರೂ ಏಳಲಿಲ್ಲ. ಅಸ್ಮಿತೆ ಯಾವ ವಿಂಗಿನಿಂದ ಬರಬೇಕು, ಕೈ ಎಲ್ಲಿಟ್ಟುಕೊಳ್ಳಬೇಕು?

ಆಗ ಮೇಷ್ಟ್ರು 'ಮಷೀನ್' ಕತೆ ತೆಗೆದರು. ದಿಲ್ಲಿಯ ಜನ ನಾಟ್ಯ ಮಂಚದ 1978ರ ಬೀದಿನಾಟಕ. ಸಫ್ದರ್ ಹಾಶ್ಮಿ, ರಾಕೇಶ್ ಸಕ್ಸೇನಾ ಸೇರಿ ಬರೆದದ್ದು. ಗಾಜಿಯಾಬಾದಿನ ಕಾರ್ಖಾನೆಯೊಂದರ ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸಲು ಒಂದು ಸ್ಟ್ಯಾಂಡು, ಒಂದು ಕ್ಯಾಂಟೀನು. ಕಾವಲಿನವರು ಗುಂಡು ಹಾರಿಸಿದರು, ಆರು ಮಂದಿ ಸತ್ತರು. ನಾಟಕ ಬರೀ 13 ನಿಮಿಷದ್ದು. ಯಂತ್ರವೂ ನಟರೇ.

ಕ್ಯಾಂಟೀನು ಬಿಡಿ, ನನ್ನನ್ನು ಹಿಡಿದದ್ದು ಆ ಸ್ಟ್ಯಾಂಡು. ನಾಲ್ಕು ಕಂಬ, ಮೇಲೊಂದು ತಗಡು ಸಾಕಿತ್ತಲ್ಲ! ಅದಿಲ್ಲದೆ ಆ ಸೈಕಲ್ಲುಗಳು ಎಲ್ಲಿ ಒರಗಿರುತ್ತಿದ್ದವು, ಮಳೆಗೆ ಸೀಟು ನೆಂದರೆ ಏನು ಹೊದಿಸುತ್ತಿದ್ದರು ಎಂದೆಲ್ಲ ಈಗಲೂ ಯೋಚಿಸುತ್ತೇನೆ. ತುರ್ತುಪರಿಸ್ಥಿತಿ ಕಳೆದ ಆ ಕಾಲದ ರಾಜಕೀಯದ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿವೆ. ನನ್ನ ಇತಿಹಾಸದಲ್ಲಿ ಈ ಸ್ಟ್ಯಾಂಡಿಗೇ ಹೆಚ್ಚು ಪುಟ.

ನಾವೂ ಯಂತ್ರವಾಗಿ ನೋಡಿದೆವು. ಬಳ್ಳಾರಿಯ ಗೆಳೆಯನ ಮೊಣಕೈ ಪಿಸ್ಟನ್ನು. ಒಬ್ಬಳು ನಾಲಗೆಯಲ್ಲೇ ಟಕ್ ಟಕ್. ನನ್ನ ಹೆಗಲು ಏರಿದಾಗ ಇನ್ನೊಬ್ಬ ಬಗ್ಗಬೇಕು. ಎಲ್ಲರಿಗೂ ಎದ್ದು ಕಾಣುವ ಭಾಗವೇ ಬೇಕು, ಹಾಗಾಗಿ ಯಂತ್ರ ಓಡಲೊಲ್ಲದು. ಕೊನೆಗೆ ದಾರಿ ತೋರಿಸಿದವಳು ಪುತ್ತೂರಿನ ಕಡೆಯ ಹುಡುಗಿ. ಮನೆಯಲ್ಲಿ ತಾಳಮದ್ದಳೆ ಕೇಳುತ್ತ ಬೆಳೆದವಳು. ಅಲ್ಲಿ ಬರಹದಲ್ಲಿರುವುದು ಪ್ರಸಂಗದ ಪದ್ಯ ಮಾತ್ರ, ಅರ್ಥ ಕೂತಲ್ಲೇ ಹುಟ್ಟಬೇಕು. "ಎದುರಿನ ಅರ್ಥಧಾರಿಗೆ ಎಡೆ ಬಿಡದೆ ಮಾತಾಡಿದರೆ ನಮ್ಮಪ್ಪ ಬೈತಾರೆ ಮಾರಾಯ" ಅಂದಳು. ಕೂಡಿ ನಾಟಕ ಕಟ್ಟುವ ವಿದ್ಯೆ ಪಶ್ಚಿಮದಿಂದ ಬಂತು ಎನ್ನುವವರು ಒಂದು ರಾತ್ರಿ ಕರಾವಳಿಯಲ್ಲಿ ಕೂತು ಬರಲಿ.

ನಮ್ಮ ನಾಟಕ ಕೊನೆಗೆ ಹಾಸ್ಟೆಲಿನ ಬಿಸಿನೀರಿನ ಹಂಡೆಯದ್ದಾಯಿತು. ಬೆಳಗಿನ ಜಾವ ಬಕೆಟ್ಟಿನ ಸಾಲು. ಯಾರ ಬಕೆಟ್ಟನ್ನು ಯಾರು ಹಿಂದಕ್ಕೆ ಸರಿಸಿದರು ಎಂದು ಆಡುತ್ತ ಹೋದರೆ ಜಾತಿ, ಊರು, ಹಿರಿತನ ಎಲ್ಲ ಕರೆಯದೆಯೇ ಬಂದು ಸಾಲಿನಲ್ಲಿ ನಿಂತವು. ಕರಪತ್ರದಲ್ಲಿ ಯಾರ ಹೆಸರು ಹಾಕಬೇಕೆಂದು ರಾತ್ರಿಯಿಡೀ ಜಗಳ. ಬೆಳಗಾಗುವಾಗ 'ರಚನೆ: ತಂಡ' ಎಂದಾಯಿತು.

'ಮಷೀನ್' ಬರೆದ ಹಾಶ್ಮಿಯ ಕತೆ ಮುಂದೆ ಹೀಗಾಯಿತು: 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ 'ಹಲ್ಲಾ ಬೋಲ್' ಆಡುತ್ತಿದ್ದಾಗ ಅವರ ಮೇಲೆ ದಾಳಿಯಾಯಿತು. ಮರುದಿನ ಅವರು ತೀರಿಕೊಂಡರು. 4ರಂದು ಪತ್ನಿ ಮೊಲೊಯಶ್ರೀ ಸಮೇತ ತಂಡ ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿತು.

ನಿಮ್ಮೂರಿಗೂ 'ರಚನೆ: ತಂಡ' ಎಂದು ಅಚ್ಚಾದ ಕರಪತ್ರ ಬಂದೀತು. ಹೋಗಿ ನೋಡಿ. ಚೆನ್ನಾಗಿಲ್ಲದಿದ್ದರೆ ಮುಖಕ್ಕೇ ಹೇಳಿ. ಬೈಸಿಕೊಳ್ಳಲು ಅಲ್ಲಿ ಬೇಕಾದಷ್ಟು ಜನ ಇರುತ್ತಾರೆ.