ಸಾಂತಿಯಾಗೋದಲ್ಲಿ, ಕಾಣೆಯಾದವರ ಎದುರು

ಕ್ವಿಂತಾ ನಾರ್ಮಲ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಎದುರಿಗೇ ಮ್ಯೂಸಿಯಂ ಅಂಗಳ. ಅಂಗಳದ ಮೇಲೆ ಎತ್ತಿ ನಿಲ್ಲಿಸಿದ ಉದ್ದನೆಯ ಕಟ್ಟಡ, ಮೈಗೆಲ್ಲ ತಾಮ್ರದ ತಗಡು. ಇದು ಚಿಲಿಯ ನೆನಪು ಮತ್ತು ಮಾನವ ಹಕ್ಕುಗಳ ಮ್ಯೂಸಿಯಂ. 2010ರಲ್ಲಿ ಇದನ್ನು ಉದ್ಘಾಟಿಸಿದ ಅಧ್ಯಕ್ಷೆ ಮಿಶೆಲ್ ಬಾಚೆಲೆಟ್ ಸೇನಾ ಸರ್ವಾಧಿಕಾರಿ ಪಿನೊಚೆಟ್ ಕಾಲದಲ್ಲಿ ತಾವೇ ಸೆರೆಯಲ್ಲಿ ಚಿತ್ರಹಿಂಸೆ ಉಂಡವರು.

ಒಳಗೆ 1973ರ ಸೆಪ್ಟೆಂಬರ್ 11ರ ಸೇನಾ ದಂಗೆ ನಡೆಯುತ್ತಲೇ ಇದೆ. ಪರದೆಯ ಮೇಲೆ ಅಧ್ಯಕ್ಷರ ಅರಮನೆಗೆ ವಾಯುಪಡೆಯ ವಿಮಾನಗಳು ಬಾಂಬು ಹಾಕುತ್ತಿವೆ, ಹೊಗೆ ಏಳುತ್ತಿದೆ. ಅಲ್ಲಿ ಜನ ಜಾಸ್ತಿ. ನೀವು ಗಾಜಿನ ಹಿಂದಿರುವ ಬಟ್ಟೆಚಿತ್ರಗಳ ಕಡೆಗೆ ಬನ್ನಿ.

ಇವು ಆರ್ಪಿಯೇರಾಗಳು. ಗೋಣಿಬಟ್ಟೆಯ ಮೇಲೆ ಬಣ್ಣದ ಚೂರುಗಳು. ಮೇಲೆ ಆಂಡೀಸ್ ಬೆಟ್ಟಸಾಲು, ಹಳದಿ ಸೂರ್ಯ. ಕೆಳಗೆ ಬೆರಳುದ್ದದ ಬಟ್ಟೆಗೊಂಬೆ ಹೆಂಗಸರು, ಕೈಯಲ್ಲಿ ಫಲಕ: ಎಲ್ಲಿದ್ದಾರೆ? ಮುಖ ಗಾಜಿಗೆ ತಾಗುವಷ್ಟು ಬಗ್ಗಿದರೆ ಹೊಲಿಗೆ ಕಾಣುತ್ತದೆ. ಎಲ್ಲೋ ದಾರ ಎರಡೆಳೆ, ಎಲ್ಲೋ ಅವಸರದ ಉದ್ದ ಟಾಕು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆ, ಅಂಗಿ ಹರಿದು ಕೌದಿ ಹೊಲಿದಂತೆಯೇ ಇದೂ. ಆದರೆ ಇಲ್ಲಿನ ಕೆಲವು ಚೂರುಗಳು ಮನೆಗೆ ಮರಳದ ಗಂಡನದೋ ಮಗನದೋ ಅಂಗಿಯವು. ಗಂಡನನ್ನು ಹುಡುಕುತ್ತ ಠಾಣೆ, ಆಸ್ಪತ್ರೆ, ಶವಾಗಾರ ಅಲೆದ ಹೆಂಗಸಿಗೆ ಅಧಿಕಾರಿಗಳು ಕೊಡುತ್ತಿದ್ದ ಉತ್ತರ ಒಂದೇ: ಅಂಥವರನ್ನು ನಾವು ಹಿಡಿದೇ ಇಲ್ಲ. ಅವಳ ಬಳಿ ಉಳಿದಿದ್ದ ಸಾಕ್ಷಿ ಆ ಅಂಗಿ.

ಹೊಲಿಯಲು ಜಾಗ ಕೊಟ್ಟದ್ದು ಚರ್ಚು. ಕಾರ್ಡಿನಲ್ ರೌಲ್ ಸಿಲ್ವಾ ಎನ್ರೀಕೆಸ್ 1976ರಲ್ಲಿ ಕಟ್ಟಿದ ವಿಕಾರಿಯಾ ದೆ ಲಾ ಸೊಲಿದಾರಿದಾದ್ ಎಂಬ ಸಂಸ್ಥೆ ಈ ಬಟ್ಟೆಚಿತ್ರಗಳನ್ನು ಕೊಂಡು ಹೊರದೇಶಗಳಿಗೆ ದಾಟಿಸಿತು. ಮಾರಿದ ದುಡ್ಡಿನಲ್ಲಿ ಆ ಮನೆಗಳ ಒಲೆ ಉರಿಯಿತು. 1978ರ ಕೊನೆಗೆ ಲೊಂಕೆನ್ ಹಳ್ಳಿಯ ಹಳೆಯ ಸುಣ್ಣದ ಗೂಡುಗಳಲ್ಲಿ 15 ಜನರ ಅವಶೇಷ ಸಿಕ್ಕವು. ಐದು ವರ್ಷದ ಹಿಂದೆ ಪೊಲೀಸರು ಹಿಡಿದೊಯ್ದಿದ್ದವರು ಅವರು, ಹೆಚ್ಚಿನವರು ಹೊಲದ ದುಡಿಮೆಗಾರರು. ಬೇಗನೆ ಆ ಗೂಡುಗಳೂ ಗೋಣಿಬಟ್ಟೆಗೆ ಬಂದವು. ಸೇನೆ ಮಾಡಿದ್ದು ಬೇರೆ: ಬೇರೆಡೆ ಹೂತಿದ್ದ ಹೆಣಗಳನ್ನು ಗುಟ್ಟಾಗಿ ಅಗೆದು ತೆಗೆದು, ಎಷ್ಟನ್ನೋ ಸಮುದ್ರಕ್ಕೆ ಎಸೆಯಿತು.

ಈಗ ಅಂಗಳಕ್ಕೆ ಮರಳಿ, ನೆಲದಡಿಗೆ ಇಳಿಯಿರಿ. ಚಿಲಿಯ ಕಲಾವಿದ ಅಲ್ಫ್ರೆದೊ ಜಾರ್ ಅವರ ‘ಆತ್ಮಸಾಕ್ಷಿಯ ಜ್ಯಾಮಿತಿ’ ಇರುವುದು ಅಲ್ಲಿ. ಒಮ್ಮೆಗೆ ಕೆಲವರನ್ನಷ್ಟೇ ಬಿಡುತ್ತಾರೆ. ಬಾಗಿಲು ಮುಚ್ಚಿತು. ಕಣ್ಣಿಗೆ ಏನೂ ಕಾಣದು. ಪಕ್ಕದವರ ಉಸಿರು ಕೇಳಿಸುತ್ತದೆ, ಯಾರೋ ಕೆಮ್ಮುತ್ತಾರೆ, ನಿಮ್ಮ ಕೈ ಆಸರೆಗಾಗಿ ಗಾಳಿ ತಡಕುತ್ತದೆ. ಒಂದು ನಿಮಿಷ ಇಷ್ಟು ಉದ್ದವೇ ಅಂದುಕೊಳ್ಳುವಾಗ ಎದುರು ಗೋಡೆಯಲ್ಲಿ ಬೆಳಕು ಕೊರೆದ ಆಕಾರಗಳು ಮೂಡುತ್ತವೆ. ಕಣ್ಣು, ಮೂಗು, ಹೆಸರು ಯಾವುದೂ ಇಲ್ಲ. ತಲೆ, ಕತ್ತು, ಭುಜದ ಅಂಚು ಮಾತ್ರ. ಎರಡೂ ಪಕ್ಕದ ಕನ್ನಡಿಗಳಲ್ಲಿ ಆ ಸಾಲು ಕೊನೆಯಿಲ್ಲದೆ ಹಬ್ಬುತ್ತದೆ. ಬೆಳಕು ಏರಿ ಏರಿ ಕಣ್ಣು ಕುಕ್ಕುವ ಹೊತ್ತಿಗೆ ಫಕ್ಕನೆ ಆರುತ್ತದೆ. ಆದರೆ ತಲೆಗಳು ಹೋಗಲೊಲ್ಲವು. ರೆಪ್ಪೆ ಬಿಗಿಯಾಗಿ ಮುಚ್ಚಿ ನೋಡಿ, ಅಲ್ಲೂ ಇವೆ. ಇಲ್ಲ ಎಂದು ಸರ್ಕಾರ ಸಾಧಿಸಿದವರನ್ನು ಈಗ ನಿಮ್ಮ ಕಣ್ಣೇ ಇಟ್ಟುಕೊಂಡಿದೆ.

ಇವರೆಲ್ಲ ಸತ್ತವರಲ್ಲ. ಬದುಕಿರುವ ಸಾಮಾನ್ಯ ಚಿಲಿಯನ್ನರ ನೆರಳನ್ನೂ ಜಾರ್ ಬೇಕೆಂದೇ ಬೆರೆಸಿದ್ದಾರೆ. ಯಾವ ನೆರಳು ಯಾರದು ಎಂದು ತಿಳಿಯಲು ಬಿಟ್ಟಿಲ್ಲ. ಮಗನ ಹೆಸರನ್ನೇ ಬೇಡುವ ತಾಯಿಗೆ ಇದು ಒಪ್ಪಿತವೇ ಎಂದು ಒಂದು ಕ್ಷಣ ಅಳುಕಾಗುತ್ತದೆ. ಹೆಸರು ಬೇಕೇ ಬೇಕು. ಅದಕ್ಕೆ ಮೇಲೆ ಸಾವಿರಕ್ಕೂ ಹೆಚ್ಚು ಭಾವಚಿತ್ರಗಳ ಗೋಡೆಯಿದೆ. ಜಾರ್ ಹೇಳುವುದು ಇನ್ನೊಂದು: ನಷ್ಟ ಆ ಮನೆಗಳದಷ್ಟೇ ಅಲ್ಲ, ಹಾಗಾಗಿ ಹುಡುಕುವ ಹೊರೆಯೂ ಅವರೊಬ್ಬರದೇ ಅಲ್ಲ.

ಆ ಹೊರೆಯನ್ನು ಸರ್ಕಾರ ರಾಷ್ಟ್ರೀಯ ಶೋಧ ಯೋಜನೆಯಾಗಿ ಹೊತ್ತದ್ದು 2023ರ ಆಗಸ್ಟ್‌ನಲ್ಲಿ, ದಂಗೆಗೆ ಐವತ್ತು ತುಂಬುವ ಹೊಸ್ತಿಲಲ್ಲಿ. ಪಟ್ಟಿಯಲ್ಲಿ 1,469 ಹೆಸರುಗಳು. ಅಷ್ಟರಲ್ಲಿ ಅವಶೇಷಗಳಿಂದ ಗುರುತು ಸಿಕ್ಕಿದ್ದು 307 ಜನರದು. ಗೋಣಿಬಟ್ಟೆ ಹೊಲಿದ ತಾಯಂದಿರಲ್ಲಿ ಎಷ್ಟೋ ಜನ ಕಾಯುತ್ತಲೇ ತೀರಿಹೋಗಿದ್ದರು. ಉಳಿದವರ ಹಟ ಈಗಲೂ ಅದೇ: ಹೂತ ಜಾಗ, ಎಸೆದ ಜಾಗ ಬಲ್ಲ ಸೈನಿಕರು ಬಾಯಿಬಿಡಬೇಕು, ಬದುಕಿರುವಾಗಲೇ.